ದಾಂಪತ್ಯಕ್ಕೆ ತೆರಿಗೆಯ ವಿನಾಯಿತಿ ನ್ಯಾಯವೇ?

ಗೃಹಸ್ಥಾಶ್ರಮವು ಸಮಾಜದ ಆಧಾರಸ್ತಂಭವೆಂಬುದನ್ನು ಅಲ್ಲಗಳೆಯುವವರು ವಿರಳ. ಮಕ್ಕಳ ಪಾಲನೆ, ವೃದ್ಧರ ಸೇವೆ, ರೋಗಿಗಳ ಶುಶ್ರೂಷೆ ಇವೆಲ್ಲವೂ ಬಹುಮಟ್ಟಿಗೆ ನಡೆಯುವುದು ಮನೆಯೊಳಗೇ. ಆದುದರಿಂದ ವಿವಾಹಿತರಿಗೆ ಪ್ರಭುತ್ವವು ತೆರಿಗೆಯಲ್ಲಿ ವಿನಾಯಿತಿ ನೀಡುವುದು ಉಚಿತವೆಂದೇ ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ವಿನಾಯಿತಿಯ ಫಲ ಯಾರ ಕೈ ಸೇರುತ್ತದೆ ಎಂಬುದನ್ನು ಪರಿಶೀಲಿಸದೆ ಅದರ ನ್ಯಾಯಾನ್ಯಾಯವನ್ನು ನಿರ್ಣಯಿಸಲಾಗದು.

ಜರ್ಮನಿಯ ಅನುಭವವು ಇದಕ್ಕೆ ತಕ್ಕ ನಿದರ್ಶನ. ಆ ದೇಶದ ಸಂವಿಧಾನದ 6ನೆಯ ವಿಧಿಯು ವಿವಾಹಕ್ಕೂ ಕುಟುಂಬಕ್ಕೂ ವಿಶೇಷ ರಕ್ಷಣೆಯನ್ನು ನೀಡಿದೆ. ಹಿಂದೆ ಅಲ್ಲಿ ಪತಿಪತ್ನಿಯರ ವರಮಾನವನ್ನು ಒಟ್ಟುಗೂಡಿಸಿ ತೆರಿಗೆ ವಿಧಿಸಲಾಗುತ್ತಿತ್ತು. ವರಮಾನ ಏರಿದಂತೆ ತೆರಿಗೆಯ ದರವೂ ಏರುವುದರಿಂದ, ಇಬ್ಬರೂ ದುಡಿಯುವ ದಂಪತಿಗಳು ಮದುವೆಯಾದ ಕಾರಣಕ್ಕಾಗಿಯೇ ಹೆಚ್ಚು ತೆರಬೇಕಾಗುತ್ತಿತ್ತು. 1957ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಈ ಕ್ರಮವನ್ನು ಸಂವಿಧಾನಬಾಹಿರವೆಂದು ಸಾರಿತು. 1958ರಲ್ಲಿ ಹೊಸ ಪದ್ಧತಿ ಜಾರಿಗೆ ಬಂದಿತು. ಇಬ್ಬರ ವರಮಾನವನ್ನು ಕೂಡಿಸಿ, ಎರಡಾಗಿ ಭಾಗಿಸಿ, ಒಂದು ಭಾಗಕ್ಕೆ ಬರುವ ತೆರಿಗೆಯನ್ನು ಇಮ್ಮಡಿಗೊಳಿಸುವುದೇ ಆ ಪದ್ಧತಿ.

ದಂಡವನ್ನು ನಿವಾರಿಸಲು ಬಂದ ನಿಯಮವು ಕೆಲವರಿಗೆ ಬಹುಮಾನವಾಗಿ ಪರಿಣಮಿಸಿತು. ಪತಿಯೊಬ್ಬನೇ 60,000 ಯೂರೋ ಗಳಿಸಿದರೆ, ತಲಾ 30,000 ಯೂರೋ ಗಳಿಸುವ ಇಬ್ಬರಂತೆ ಆ ಮನೆಗೆ ತೆರಿಗೆಯ ಎಣಿಕೆಯಾಗುತ್ತದೆ, ಉಳಿತಾಯವು ಗಣನೀಯ. ಇಬ್ಬರೂ ನಿಜವಾಗಿ ತಲಾ 30,000 ಗಳಿಸುವ ಮನೆಗೆ ಉಳಿತಾಯವೇ ಇಲ್ಲ. ಈ ಲೆಕ್ಕದಲ್ಲಿ ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪತಿ ತೀರಿಕೊಂಡರೆ ಆ ವರ್ಷಕ್ಕೂ ಮರುವರ್ಷಕ್ಕೂ ಮಾತ್ರ ಈ ಸೌಲಭ್ಯ ದೊರೆಯುತ್ತದೆ. ಅನಂತರ ಎಳೆಯ ಮಕ್ಕಳೊಡನೆ ಒಂಟಿಯಾಗಿ ಉಳಿದ ತಾಯಿಗೆ ಬೇರೊಂದು ಸಣ್ಣ ಕಡಿತವಷ್ಟೇ ಆಸರೆ. ಭಾರ ಹೆಚ್ಚಿದಾಗಲೇ ಊರುಗೋಲನ್ನು ಕಸಿದಂತಾಯಿತು.

ಎದುರುವಾದವೂ ಹಗುರವಾದುದಲ್ಲ. ದಂಪತಿಗಳು ಪರಸ್ಪರ ಪೋಷಣೆಯ ಹೊಣೆಯನ್ನು ಕಾನೂನಿನ ಬಲದಿಂದಲೇ ಹೊತ್ತವರು. ಒಬ್ಬರ ಸಂಬಳದಲ್ಲಿ ಇಬ್ಬರ ಅನ್ನವಿದೆ. ತೆರುವ ಶಕ್ತಿಗೆ ತಕ್ಕಂತೆ ತೆರಿಗೆ ಇರಬೇಕು ಎಂಬುದು ಆ ವಾದ. ಇದು ಒಪ್ಪತಕ್ಕ ಮಾತೇ. ಆದರೆ ಅದು ಎತ್ತಿಹಿಡಿಯುವುದು ಹೊತ್ತ ಹೊಣೆಯನ್ನು, ಮದುವೆಯ ನೋಂದಣಿಯನ್ನಲ್ಲ. ಮುಪ್ಪಿನ ತಾಯಿಯನ್ನು ಸಾಕುವ ಅವಿವಾಹಿತ ಮಗಳ ಸಂಬಳದಲ್ಲಿಯೂ ಇಬ್ಬರ ಅನ್ನವಿದೆ.

ವಿನಾಯಿತಿಯಿಂದ ದಾಂಪತ್ಯವು ದೃಢವಾಗುವುದೆಂಬ ನಂಬಿಕೆಯೂ ಉಂಟು. ಬ್ರಿಟನ್ನಿನಲ್ಲಿ 2015ರಲ್ಲಿ ಜಾರಿಗೆ ಬಂದ ವಿವಾಹ ಭತ್ಯದಿಂದ ಇತ್ತೀಚಿನ ವರ್ಷಗಳಲ್ಲಿ ಆಗುವ ಉಳಿತಾಯವು ವರ್ಷಕ್ಕೆ ಹೆಚ್ಚೆಂದರೆ 252 ಪೌಂಡು. ಬಾಳೆಲ್ಲ ಜೊತೆಗಿರುವ ಸಂಕಲ್ಪವನ್ನು ಈ ಮೊತ್ತವು ಹುಟ್ಟಿಸಲಾರದು. ವ್ರತಕ್ಕೆ ಬೆಲೆ ಕಟ್ಟಿದರೆ ಅದು ವ್ಯಾಪಾರವಾದೀತು.

ಭಾರತದಲ್ಲಿ ಪತಿಪತ್ನಿಯರು ಬೇರೆಬೇರೆಯಾಗಿ ತೆರಿಗೆ ಸಲ್ಲಿಸುತ್ತಾರೆ. ಆದರೂ ಇಲ್ಲಿಯೂ ಪಕ್ಷಪಾತ ಇಲ್ಲದಿಲ್ಲ. ಹಿಂದೂ ಅವಿಭಕ್ತ ಕುಟುಂಬವೆಂಬ ಹೆಸರಿನಲ್ಲಿ ಪಿತ್ರಾರ್ಜಿತ ಆಸ್ತಿಯ ವರಮಾನಕ್ಕೆ ಪ್ರತ್ಯೇಕ ಲೆಕ್ಕವಿಡುವ ಅನುಕೂಲವು ಜೈನ ಮನೆತನಗಳಿಗೂ ಇದೆ; ಮುಸಲ್ಮಾನ ಮತ್ತು ಕ್ರೈಸ್ತ ಕುಟುಂಬಗಳಿಗೆ ಇಲ್ಲ. ಆಸ್ತಿಯಿಲ್ಲದ ಕೂಲಿಕಾರನಿಗೆ, ಅವನು ಯಾವ ಮತದವನಾದರೂ, ಇದರಿಂದ ಪ್ರಯೋಜನವಿಲ್ಲ. ಕುಟುಂಬವನ್ನು ಗೌರವಿಸುವ ನಿಯಮವು ಎಲ್ಲ ಕುಟುಂಬಗಳನ್ನೂ ಗೌರವಿಸಬೇಡವೇ? ಲಾಭ ಪಡೆಯುವವರೇ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಧರ್ಮ.

ಇನ್ನೊಂದು ದಾರಿಯ ಸುಳಿವು ಕರ್ನಾಟಕದಲ್ಲಿಯೇ ಇದೆ. 2013ರಲ್ಲಿ ಆರಂಭವಾದ ಮನಸ್ವಿನಿ ಯೋಜನೆಯು ನಡುವಯಸ್ಸು ದಾಟಿದ ಬಡ ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಮಾಸಾಶನ ನೀಡುತ್ತದೆ. ಅದರ ಮೊತ್ತವು ಅಲ್ಪವೇ ಆದರೂ ಅದರ ದೃಷ್ಟಿ ಸರಿಯಾದುದು: ಮದುವೆಯ ಆಸರೆಯಿಲ್ಲದವರಿಗೂ ಹಸಿವು ಉಂಟೆಂಬುದನ್ನು ಅದು ಬಲ್ಲದು.

ಮದುವೆಯಾದ ಕಾರಣಕ್ಕೆ ಯಾರೂ ಹೆಚ್ಚು ತೆರುವಂತಾಗಬಾರದು. ಆಗದ ಕಾರಣಕ್ಕೂ ಹೆಚ್ಚು ತೆರುವಂತಾಗಬಾರದು. ಪ್ರಭುತ್ವದ ನೆರವು ಮಗುವನ್ನೂ ವೃದ್ಧರನ್ನೂ ರೋಗಿಯನ್ನೂ ಅವರನ್ನು ಸಲಹುವ ಕೈಗಳನ್ನೂ ಅರಸಿಕೊಂಡು ಹೋಗಲಿ. ಆ ಕೈಗಳಲ್ಲಿ ಹೆಚ್ಚಿನವು ಗೃಹಸ್ಥರವೇ ಆಗಿರುತ್ತವೆ; ಆದರೆ ಉಳಿದವುಗಳನ್ನು ಬರಿದಾಗಿ ಹಿಂದಿರುಗಿಸುವ ಅಧಿಕಾರ ಅದಕ್ಕಿಲ್ಲ.