ದೇವರ ಸರಕು, ಸುಂಕದ ಕಟ್ಟೆ

1957ರಲ್ಲಿ ಡಚ್ ಯುವಕನೊಬ್ಬ ನೀಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬೈಬಲ್‌ಗಳನ್ನು ಬಚ್ಚಿಟ್ಟುಕೊಂಡು ಕಮ್ಯುನಿಸ್ಟ್ ಯುಗೊಸ್ಲಾವಿಯಾದ ಗಡಿ ದಾಟಿದ. ಮುಂದೆ ‘ಬ್ರದರ್ ಆಂಡ್ರೂ’ ಎಂದು ಹೆಸರಾದವನು ಇವನೇ. 1967ರಲ್ಲಿ ಬಂದ ತನ್ನ ಪುಸ್ತಕದ ಹೆಸರಲ್ಲೇ ಆತ ತನ್ನನ್ನು ದೇವರ ಕಳ್ಳಸಾಗಣೆದಾರ ಎಂದು ಕರೆದುಕೊಂಡ.

ಆತನ ವರಸೆಯೇ ಬೇರೆ. ರುಮೇನಿಯಾ ಗಡಿಯಲ್ಲಿ ಮುಂದಿನ ಕಾರುಗಳನ್ನು ಬಿಚ್ಚಿ ಜಾಲಾಡುತ್ತಿದ್ದಾಗ, ಕೆಲವು ಬೈಬಲ್‌ಗಳನ್ನು ಹೊರತೆಗೆದು ಪಕ್ಕದ ಸೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟನಂತೆ. ನೋಡುವ ಕಣ್ಣುಗಳನ್ನು ಕುರುಡಾಗಿಸು ಎಂಬುದು ಅವನ ಪ್ರಾರ್ಥನೆ. ಸುಳ್ಳಿನ ಕೆಲಸವನ್ನು ದೇವರಿಗೇ ವಹಿಸಿದಂತಾಯಿತಲ್ಲ ಎಂದು ಕುಹಕಿಗಳು ಕೇಳಿದರೆ ತಪ್ಪೇನಿಲ್ಲ.

ಜೀವ ಉಳಿಸಲೂ ಸುಳ್ಳು ಹೇಳಕೂಡದೆಂದು ಸಂತ ಅಗಸ್ಟೀನ್ ಹಟ ಹಿಡಿದಿದ್ದ. 1797ರಲ್ಲಿ ತತ್ವಜ್ಞಾನಿ ಕಾಂಟ್ ಕೂಡ ಅದೇ ಮಾತಾಡಿದ. ಮಹಾಭಾರತ ಇದನ್ನು ಒಪ್ಪುವುದಿಲ್ಲ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕತೆಯ ಕೌಶಿಕ, ಅಡಗಿದ್ದವರ ಜಾಗವನ್ನು ದರೋಡೆಕೋರರಿಗೆ ಸತ್ಯವಾಗಿ ತೋರಿಸಿಕೊಟ್ಟು ನರಕಕ್ಕೆ ಹೋದ. ಆದರೆ ಗಡಿಯಲ್ಲಿ ನಿಂತವನು ದರೋಡೆಕೋರನಲ್ಲ, ಸಂಬಳಕ್ಕೆ ದುಡಿಯುವ ನೌಕರ. ಕೌಶಿಕನ ಕತೆ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಕೌಟಿಲ್ಯ ಈ ಗೋಜಲನ್ನು ಆಡಳಿತಗಾರನ ಕಣ್ಣಿನಿಂದ ಕಂಡ. ಮದುವೆ, ಯಜ್ಞ, ದೇವಪೂಜೆ, ಉಪನಯನಗಳ ಸಾಮಗ್ರಿಗೆ ಅರ್ಥಶಾಸ್ತ್ರದಲ್ಲಿ ಸುಂಕವಿಲ್ಲ. ಆ ನೆಪದಲ್ಲಿ ಬೇರೆ ಸರಕು ದಾಟಿಸಿದವನಿಗೆ ಮಾತ್ರ ಕಳ್ಳನ ಶಿಕ್ಷೆ. ದೇವರ ಹೆಸರು ಹೇಳಿ ಗಡಿ ದಾಟುವವರನ್ನು ಆತ ಚೆನ್ನಾಗಿಯೇ ಬಲ್ಲವನಿದ್ದಿರಬೇಕು.

ಸುಳ್ಳಿಗಿಂತ ಬಿಗಿಯಾದ ಗಂಟು ಲಂಚದ್ದು. ಕಾವಲುಗಾರನ ಕೈ ಬೆಚ್ಚಗೆ ಮಾಡಿ ಬೈಬಲ್ ದಾಟಿಸಿದರೆ ಪಾಪ ಯಾರದು? ಲಂಚ ಕೊಟ್ಟವನನ್ನೂ ತೆಗೆದುಕೊಂಡವನನ್ನೂ ಪ್ರವಾದಿ ಮುಹಮ್ಮದರು ಶಪಿಸಿದರೆಂದು ಹದೀಸ್ ಹೇಳುತ್ತದೆ. ಆದರೂ ನ್ಯಾಯವಾಗಿ ತನ್ನದಾದ ಹಕ್ಕು ಬೇರೆ ದಾರಿಯಲ್ಲಿ ಸಿಗದಿದ್ದಾಗ ಕೊಟ್ಟವನಿಗೆ ದೋಷವಿಲ್ಲ, ಪಾಪವೆಲ್ಲ ತೆಗೆದುಕೊಂಡವನದೇ ಎಂದು ಎಷ್ಟೋ ಧರ್ಮಪಂಡಿತರು ವಿನಾಯಿತಿ ಕೊಟ್ಟಿದ್ದಾರೆ. ಗಡಿಯ ಭಕ್ತನಿಗೂ ಈ ಲೆಕ್ಕ ಹಿತವಾದೀತು. ಹಿತ ಸ್ವಲ್ಪ ಹೆಚ್ಚೇ ಆಯಿತು. ಗ್ರಂಥ ಒಳಗೆ ಬರುತ್ತದೆ, ಪುಣ್ಯ ಭಕ್ತನಿಗೆ. ಕೆಲಸ ಹೋಗುವ, ಜೈಲು ಸೇರುವ ಭಯವೂ ಪಾಪವೂ ಕಾವಲುಗಾರನಿಗೆ. ಮೇಲಾಗಿ ಸೋವಿಯತ್ ಕಾಳಸಂತೆಯಲ್ಲಿ ಬೈಬಲ್ ದುಬಾರಿ ಮಾಲಾಗಿತ್ತು. ಲಾಭಕ್ಕೆ ತಂದವನೂ ಭಕ್ತಿಗೆ ತಂದವನೂ ಒಂದೇ ಕೈಗೆ ದುಡ್ಡು ತುರುಕಿದರೆ, ಆ ಕೈಗೆ ವ್ಯತ್ಯಾಸವೇನು ತಿಳಿದೀತು?

ಹಾಗೆ ನೋಡಿದರೆ ಕ್ರೈಸ್ತ ಧರ್ಮಕ್ಕೆ ಸುಂಕದವರು ಹೊರಗಿನವರಲ್ಲ. ಯೇಸು ಕರೆದಾಗ ಶಿಷ್ಯ ಮತ್ತಾಯ ಸುಂಕದ ಕಟ್ಟೆಯಲ್ಲೇ ಕೂತಿದ್ದ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದು ಸ್ನಾನಿಕ ಯೋಹಾನ ಸುಂಕದವರಿಗೆ ಹೇಳಿದನೇ ಹೊರತು ಕೆಲಸ ಬಿಡಿ ಎನ್ನಲಿಲ್ಲ. ಜೆರಿಕೋದ ಸುಂಕದವ ಜಕ್ಕಾಯನಂತೂ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಲಂಚ ತಿಂದ ಕಾವಲುಗಾರನಿಗೂ ಮುಂದೊಂದು ದಿನ ಅದೇ ಮನಸ್ಸಾದರೆ, ಆತ ದುಡ್ಡು ಹಿಂದಿರುಗಿಸಬೇಕಾದ್ದು ಯಾರಿಗೆ? ಕೊಟ್ಟ ಭಕ್ತನಿಗೋ, ದೇವರನ್ನೇ ಒಪ್ಪದ ಸರ್ಕಾರಕ್ಕೋ?