ಸ್ವರಕ್ಕೂ ಜಾತಿಯೇ?




ಜಗಳೂರು ಕಡೆಯ ನಮ್ಮೂರಿಗೆ ನಾಟಕ ಕಲಿಸಲು ಪೆಟ್ಟಿಗೆ ಮಾಸ್ತರು ಬರುತ್ತಿದ್ದರು. ನಮ್ಮಪ್ಪ ಜಾತ್ರೆಯಲ್ಲಿ ಹಲಗೆ ಬಡಿಯುತ್ತಿದ್ದ. ತಾಲೀಮು ನಡೆಯುವಾಗ ಕಟ್ಟೆಯ ಕೆಳಗೆ ನಿಂತು ಕೇಳುತ್ತಿದ್ದ. ಹಾಡುಗಳೆಲ್ಲ ಬಾಯಿಪಾಠ. ಪೆಟ್ಟಿಗೆಯನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ.

ಎಂ.ಎ. ಓದುವಾಗ ಒಂದು ವಿಷಯ ತಿಳಿದು ದಂಗಾದೆ. 13ನೇ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿ ಸ್ವರಗಳಿಗೂ ವರ್ಣ ಹಂಚಲಾಗಿದೆ. ಹಿಂದಿನವರು ಒಂದು ಸ್ಥಾಯಿಯನ್ನು 22 ಶ್ರುತಿಗಳಾಗಿ ಎಣಿಸಿದರು. ಸ, ಮ, ಪ ಸ್ವರಗಳಿಗೆ ನಾಲ್ಕು ನಾಲ್ಕು ಶ್ರುತಿ, ಅವು ಬ್ರಾಹ್ಮಣ. ರಿ, ಧ ಗಳಿಗೆ ಮೂರು ಮೂರು, ಕ್ಷತ್ರಿಯ. ಗ, ನಿ ಗಳಿಗೆ ಎರಡೆರಡು, ವೈಶ್ಯ. ಅಂತರ ಗಾಂಧಾರ, ಕಾಕಲಿ ನಿಷಾದಗಳು ಶೂದ್ರ!

ಇಲ್ಲಿ ಎರಡು ಮಾತುಗಳು ಬೆರೆತಿವೆ, ಬಿಡಿಸಿ ನೋಡೋಣ. ಸ್ವರಗಳ ನಡುವೆ ಅಂತರವಿದೆ ಎಂಬುದು ಮೊದಲನೆಯದು. ಇದನ್ನು ಯಾರಾದರೂ ಪರೀಕ್ಷಿಸಬಹುದು. ಬಿಗಿದ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರೆ ಮೇಲಿನ ಸ ಬರುತ್ತದೆ. ಮೂರರಲ್ಲಿ ಎರಡು ಪಾಲು ಮೀಟಿದರೆ ಪ, ನಾಲ್ಕರಲ್ಲಿ ಮೂರು ಪಾಲು ಮೀಟಿದರೆ ಮ. ಯಾರ ಬೆರಳಾದರೂ ಇಷ್ಟೇ. ಆ ಅಂತರವನ್ನೇ ಮೇಲು-ಕೀಳು ಎನ್ನುವುದು ಎರಡನೆಯದು. ಇದಕ್ಕೆ ತಂತಿಯಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಪುಸ್ತಕದಲ್ಲಿದ್ದರೆ ಇರಲಿ, ನಷ್ಟವೇನು ಎನ್ನಬಹುದು. ನಾದಕ್ಕೇ ಜಾತಿ ಇದೆ ಎಂದಮೇಲೆ ಮನುಷ್ಯನ ಜಾತಿಯೂ ಗಾಳಿ ನೀರಿನಷ್ಟು ಸಹಜ ಎನಿಸಿಬಿಡುತ್ತದೆ. ಕಟ್ಟೆಯ ಕೆಳಗೆ ನಿಂತವನಿಗೂ ಹಾಗೆಯೇ ಅನಿಸುತ್ತದೆ. ನಷ್ಟ ಅದು.

ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನೇ ಬಿಡಿಸಿ ಹೇಳುತ್ತಾರೆ: ಹುಲ್ಲು, ಮರ, ಹುಳ, ಹಕ್ಕಿಗಳಲ್ಲಿ ಹುಟ್ಟಿನ ಗುರುತುಗಳು ಬೇರೆ ಬೇರೆ; ಮನುಷ್ಯರಲ್ಲಿ ಅಂಥ ಗುರುತಿಲ್ಲ, ಇರುವುದು ಹೆಸರಿನ ವ್ಯತ್ಯಾಸ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಅದರ ಆರೋಹಣದಲ್ಲಿ ಗೌರವ ಏರುತ್ತದೆ, ಅವರೋಹಣದಲ್ಲಿ ತಿರಸ್ಕಾರ ಹೆಚ್ಚುತ್ತದೆ.

ಹಾಡುವವರ ಗಂಟಲು ಆ ವರ್ಣಪಟ್ಟಿಯನ್ನು ಎಂದೋ ಬಿಟ್ಟಿದೆ. ಕರ್ನಾಟಕ ಸಂಗೀತದ ಮಗು ಮೊದಲು ಕಲಿಯುವ ಸರಳೆ ವರಸೆ ಮಾಯಾಮಾಳವಗೌಳ ರಾಗದ್ದು. ಅದರ ಗ ಮತ್ತು ನಿ ಅದೇ ಅಂತರ ಗಾಂಧಾರ, ಅದೇ ಕಾಕಲಿ ನಿಷಾದ. ಅವಿಲ್ಲದೆ ಮೊದಲ ಪಾಠವೇ ಇಲ್ಲ.

ನನ್ನ ಶಾಲೆಯ ಪ್ರಾರ್ಥನೆಗೆ ಈಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪೆಟ್ಟಿಗೆ ನುಡಿಸುತ್ತಾಳೆ. ಮೊದಲ ದಿನ ಕೇಳಿದಾಗ "ಯಾರ ಪೈಕಿ ಹುಡುಗಿ?" ಎಂದು ನಾನೇ ಸಹೋದ್ಯೋಗಿಯನ್ನು ವಿಚಾರಿಸಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಅಪ್ಪನ ಮಗನ ಬಾಯಲ್ಲೇ ಆ ಪ್ರಶ್ನೆ!

ಇಂದಿನ ಅಭ್ಯಾಸ: ಒಬ್ಬರಲ್ಲಿ ವ್ಯತ್ಯಾಸ ಕಂಡ ಕೂಡಲೇ ನಮ್ಮ ಮನಸ್ಸು ಮೆಟ್ಟಿಲು ಕಟ್ಟಲು ಹೊರಡುತ್ತದೆಯೇ? ದಿನದಲ್ಲಿ ಒಮ್ಮೆಯಾದರೂ ಅದನ್ನು ಕೈಯಾರೆ ಹಿಡಿಯೋಣ.

ಭವತು ಸಬ್ಬ ಮಂಗಲಂ 🙏