ಚೀಟಿಯ ಮೇಲಿನ ‘ನಾನು’

1962ರ ಮಾತು. ಹಾಲಿವುಡ್‌ನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ‘ಕ್ಲಿಯೋಪಾತ್ರಾ’ ಎಂಬ ಒಂದೇ ಚಿತ್ರದ ಖರ್ಚಿಗೆ ಸಿಕ್ಕಿ ಮುಳುಗುವುದರಲ್ಲಿತ್ತು. 1956ರಲ್ಲಿ ಹೆಂಡತಿಯನ್ನೂ ಹಾಲಿವುಡ್ಡನ್ನೂ ಬಿಟ್ಟು ಯುರೋಪು ಸೇರಿದ್ದ ಡ್ಯಾರಿಲ್ ಝಾನಕ್, ತಾನೇ ಕಟ್ಟಿದ ಸಂಸ್ಥೆಯನ್ನು ಉಳಿಸಲು ಮರಳಿ ಬಂದು ಅದರ ಅಧ್ಯಕ್ಷನಾದ. ಚಿತ್ರ ತಯಾರಿಕೆಯ ಉಸ್ತುವಾರಿಯನ್ನು ಯಾರಿಗೆ ವಹಿಸಬಹುದು, ಒಂದಷ್ಟು ಹೆಸರು ಬರೆದುಕೊಡು ಎಂದು ಮಗ ರಿಚರ್ಡ್‌ನನ್ನು ಕೇಳಿದ. ಮಗ ಕೊಟ್ಟ ಚೀಟಿಯಲ್ಲಿದ್ದದ್ದು ಒಂದೇ ಪದ: ‘ನಾನು’. ಆಗ ಅವನಿಗೆ 27 ವರ್ಷ. ಕೆಲಸ ಅವನಿಗೇ ಸಿಕ್ಕಿತು.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ವ್ಯಾಸರಾಯರ ಸಭೆ ನೆನಪಾಗುತ್ತದೆ. ಮೋಕ್ಷಕ್ಕೆ ಯಾರು ಹೋದಾರು ಎಂಬ ಪ್ರಶ್ನೆಗೆ ಕನಕದಾಸರು, ನಾನು ಹೋದರೆ ಹೋದೇನು ಅಂದರಂತೆ. ಎಂಥ ಸೊಕ್ಕು ಎಂದು ಸಭೆ ಮುಖ ಸಿಂಡರಿಸಿತು. ಹೋಗಬೇಕಾದದ್ದು ಕನಕನಲ್ಲ, ‘ನಾನು’ ಎಂಬುದು ಎಂದು ಅರ್ಥವಾಗುವ ಹೊತ್ತಿಗೆ ಸಭೆ ತಲೆತಗ್ಗಿಸಿತ್ತು. ರಿಚರ್ಡ್ ಬರೆದ ‘ನಾನು’ ಯಾವ ಬಗೆಯದು? ಸೊಕ್ಕು ಎಂದುಬಿಡುವುದು ಸುಲಭ. ಆದರೆ ದೊಡ್ಡ ಅಪ್ಪನ ಮಗನಿಗೆ ‘ನಾನು’ ಎನ್ನುವುದು ಅಷ್ಟು ಸಲೀಸಲ್ಲ. ಅಪ್ಪ ಒಪ್ಪಿಕೊಟ್ಟ ಮೇಲೆಯೇ ಸಿಗುವ ‘ನಾನು’ ಅದು. ಆ ಚೀಟಿಯೂ ಸೇರಿದ್ದು ಅಪ್ಪನ ಕೈಗೇ ಅಲ್ಲವೇ?

ನಮ್ಮ ಊರುಗಳಲ್ಲಿ ಹೊಸಬ ಕಂಡರೆ ಕೇಳುವ ಮೊದಲ ಪ್ರಶ್ನೆ, ‘ಯಾರ ಮಗನಪ್ಪಾ ನೀನು?’ ಹೆಸರಿನ ಸರದಿ ಆಮೇಲೆ. ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಕುಗ್ಗಿ, ಇನಿಷಿಯಲ್ ಆಗಿ ನಮ್ಮ ಹೆಸರಿನ ಮುಂದೆ ಕೂತಿರುತ್ತದೆ. ರಿಚರ್ಡ್ ಡಿ. ಝಾನಕ್ ಎಂದು ತೆರೆಯ ಮೇಲೆ ಬರುತ್ತಿದ್ದ ಹೆಸರಿನ ನಡುವಿನ ‘ಡಿ’ ಕೂಡ ಡ್ಯಾರಿಲ್ಲೇ. ಆ ಡ್ಯಾರಿಲ್ ಯಾರ ಹೆಸರನ್ನೂ ಹೊತ್ತು ಬಂದವನಲ್ಲ. ನೆಬ್ರಾಸ್ಕಾದ ವಾಹೂ ಎಂಬ ಸಣ್ಣ ಊರಲ್ಲಿ ಹುಟ್ಟಿ, ರಿನ್ ಟಿನ್ ಟಿನ್ ಎಂಬ ನಾಯಿಯ ಮೂಕಿಚಿತ್ರಗಳಿಗೆ ಕಥೆ ಬರೆದು ಮೇಲೆ ಬಂದವನು. 1933ರಲ್ಲಿ ಟ್ವೆಂಟಿಯತ್ ಸೆಂಚುರಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬ. ಎರಡು ವರ್ಷಕ್ಕೆ ಅದು ಫಾಕ್ಸ್ ಜೊತೆ ಸೇರಿತು. ಬಾಯಲ್ಲಿ ಸಿಗಾರ್, ಕೈಯಲ್ಲಿ ಪೋಲೋ ಆಟದ ತುಂಡು ಕೋಲು. ಕಚೇರಿಯಲ್ಲಿ ಶತಪಥ ತಿರುಗುತ್ತ, ಬೇರೆಯವರು ತೆಗೆದ ಚಿತ್ರಗಳನ್ನು ಎಡಿಟಿಂಗ್ ಕೋಣೆಯಲ್ಲಿ ತಾನೇ ಕತ್ತರಿಸಿ ಕೂರಿಸುತ್ತಿದ್ದ.

ಮಗ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಬಂದವನು. ಮೊದಲು ನಿರ್ಮಿಸಿದ ಚಿತ್ರ 1959ರ ‘ಕಂಪಲ್ಶನ್’. ಸಿರಿವಂತ ಮನೆಯ ಇಬ್ಬರು ಹುಡುಗರು ಸುಮ್ಮನೆ ಒಂದು ಕೊಲೆ ಮಾಡುವ ಕಥೆ. ದೊಡ್ಡ ಮನೆಯ ಮಗನೊಬ್ಬ ಮೊದಲಿಗೇ ಈ ಕಥೆ ಹಿಡಿದದ್ದರಲ್ಲಿ ಅರ್ಥ ಹುಡುಕುವ ಚಪಲ ನನಗೂ ಇದೆ, ಆದರೆ ಅದು ಚಪಲವಷ್ಟೇ.

ಫಾಕ್ಸ್‌ನಲ್ಲಿ ಅವನ ಕಾಲ ಮೊದಮೊದಲು ಚಿನ್ನದ್ದು. 1965ರ ‘ಸೌಂಡ್ ಆಫ್ ಮ್ಯೂಸಿಕ್’ ಸ್ಟುಡಿಯೋವನ್ನು ಮುಳುಗಡೆಯಿಂದ ಎತ್ತಿತು. ಆ ಗೆಲುವೇ ಮುಳುವಾಯಿತು. ಹಾಡು ಕುಣಿತಕ್ಕೆ ಜನ ಮುಗಿಬೀಳುತ್ತಾರೆ ಎಂದು ನಂಬಿ ಮಾಡಿದ ‘ಡಾಕ್ಟರ್ ಡೂಲಿಟಲ್’, ‘ಸ್ಟಾರ್!’, ‘ಹಲೋ, ಡಾಲಿ!’ ಒಂದಾದ ಮೇಲೊಂದು ದುಡ್ಡು ನುಂಗಿದವು. 1970ರ ಡಿಸೆಂಬರ್ ಕೊನೆಯಲ್ಲಿ, ಆಡಳಿತ ಮಂಡಳಿಯ ಸಭೆಯಲ್ಲಿ, 68ರ ಅಪ್ಪ 36ರ ಮಗನನ್ನು ಹುದ್ದೆಯಿಂದ ಇಳಿಸಿದ. ಯಯಾತಿ ಕೊನೆಗಾದರೂ ಮಗನ ಯೌವನವನ್ನು ಹಿಂದಿರುಗಿಸಿ ರಾಜ್ಯ ಕೊಟ್ಟ. ಇಲ್ಲಿ ಕಥೆ ತಿರುಗುಮುರುಗು: ಪ್ಯಾರಿಸ್ಸಿನಲ್ಲಿ ಎಳೆಯ ನಟಿಯರ ಹಿಂದೆ ತನ್ನ ಯೌವನ ಹುಡುಕುತ್ತಿದ್ದ ಅಪ್ಪ, ಕೊಟ್ಟ ರಾಜ್ಯವನ್ನೇ ಕಿತ್ತುಕೊಂಡ. ಹಾಗೆಂದು ಅಪ್ಪನನ್ನು ಖಳನಾಯಕ ಮಾಡಿ ಮುಗಿಸಲಾರೆ. ನಷ್ಟ ನಿಜವಾದದ್ದು, ಅದರಲ್ಲಿ ಮಗನ ಪಾಲೂ ನಿಜವಾದದ್ದು. ಆದರೆ ಮಗ ಒಪ್ಪಿಗೆ ಕೊಟ್ಟಿದ್ದ ಚಿತ್ರಗಳು ಅವನ ಬೆನ್ನ ಹಿಂದೆಯೇ ಗೆಲ್ಲುತ್ತಿದ್ದವು. ಅವನನ್ನು ಹೊರಹಾಕಿ ನಾಲ್ಕು ತಿಂಗಳೂ ಕಳೆದಿರಲಿಲ್ಲ, ‘ಪ್ಯಾಟನ್’ ಶ್ರೇಷ್ಠ ಚಿತ್ರದ ಆಸ್ಕರ್ ಪಡೆಯಿತು. ಮರುವರ್ಷ ‘ಫ್ರೆಂಚ್ ಕನೆಕ್ಷನ್’. ಇತ್ತ ತಾಯಿ ವರ್ಜೀನಿಯಾ, ಒಂದು ಕಾಲದ ಮೂಕಿಚಿತ್ರಗಳ ನಟಿ, ತನ್ನ ಷೇರುಗಳ ಬಲವನ್ನು ಗಂಡನ ವಿರೋಧಿಗಳ ಕಡೆ ಇಟ್ಟಳು. 1971ರಲ್ಲಿ ಡ್ಯಾರಿಲ್ಲೂ ಕುರ್ಚಿ ಬಿಟ್ಟ.

ಇಲ್ಲಿಂದ ಮುಂದಿನದೇ ನನಗೆ ಹೆಚ್ಚು ಮುಖ್ಯ. ತನ್ನೊಂದಿಗೇ ಕೆಲಸ ಕಳೆದುಕೊಂಡ ಡೇವಿಡ್ ಬ್ರೌನ್ ಜೊತೆ ರಿಚರ್ಡ್ ಸ್ವಂತ ಕಂಪನಿ ಮಾಡಿದ. ಇನ್ನೂ ಅಚ್ಚಾಗದ ಒಂದು ಕಾದಂಬರಿಯ ಹಕ್ಕನ್ನು ಇಬ್ಬರೂ ಕೊಂಡರು. ಎರಡನೇ ಸಲ ಓದಿದ್ದರೆ ಇದನ್ನು ಚಿತ್ರ ಮಾಡುವುದು ಎಷ್ಟು ಕಷ್ಟ ಎಂದು ತಿಳಿದು ಕೈಬಿಡುತ್ತಿದ್ದೆವು ಎಂದು ಬ್ರೌನ್ ಆಮೇಲೆ ಹೇಳಿಕೊಂಡದ್ದುಂಟು. ಅದೇ ‘ಜಾಸ್’. 1974ರ ಬೇಸಿಗೆಯಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಎದುರು, ನಿಜವಾದ ಸಮುದ್ರದಲ್ಲೇ ಚಿತ್ರೀಕರಣ. ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಬಿದ್ದೊಡನೆ ಕೆಟ್ಟು ಕೂತಿತು. 55 ದಿನಕ್ಕೆ ಮುಗಿಯಬೇಕಿದ್ದದ್ದು 159 ದಿನ ಹಿಡಿಯಿತು, ಖರ್ಚು ಎರಡು ಪಟ್ಟು ದಾಟಿತು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ ವಯಸ್ಸೆಷ್ಟು? 27. ಚೀಟಿ ಬರೆದಾಗ ರಿಚರ್ಡ್‌ಗೆ ಇದ್ದಷ್ಟೇ. ಖರ್ಚು ಕೈಮೀರಿದ ಹುಡುಗನನ್ನು ತೆಗೆದುಹಾಕಲು ಅಷ್ಟು ಕಾರಣ ಸಾಕಿತ್ತು. ರಿಚರ್ಡ್ ತೆಗೆಯಲಿಲ್ಲ. ಮನೆಯಲ್ಲಿ ತಿಂದ ಪೆಟ್ಟೇ ಇದನ್ನು ಕಲಿಸಿತೇ? ಅಳೆದು ಹೇಳುವ ತಕ್ಕಡಿ ನನ್ನಲ್ಲಿಲ್ಲ. ಎರಡೂ ಕಡೆ 27 ಬಂದಿರುವುದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ನಿರ್ಮಾಪಕನೆಂದರೆ ದುಡ್ಡು ಹಾಕುವ ಸಾಹುಕಾರ ಎಂದೇ ನಮ್ಮ ಎಣಿಕೆ. ನಿಜವಾದ ಕೆಲಸ ಕಥೆ ಆರಿಸುವುದು, ಜನರನ್ನು ಕೂಡಿಸುವುದು, ಎಲ್ಲರಿಗೂ ಕೈಕಾಲು ನಡುಗುವಾಗ ತಾನು ಅಲುಗಾಡದೆ ನಿಲ್ಲುವುದು. ಹಾಗೆ ನಿಂತವನು ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ. ರಿಚರ್ಡ್ ಮತ್ತು ಬ್ರೌನ್ ಅವರ ಕಂಪನಿ ಅರ್ಪಿಸಿದ ‘ದ ಸ್ಟಿಂಗ್’ಗೆ ಶ್ರೇಷ್ಠ ಚಿತ್ರದ ಪ್ರಶಸ್ತಿ ಬಂದಾಗ ಅದು ಸಂದದ್ದು ಆ ಚಿತ್ರದ ಇತರ ನಿರ್ಮಾಪಕರಿಗೆ. ರಿಚರ್ಡ್ ಕೈಗೆ ಆ ಪ್ರಶಸ್ತಿ ಬಂದದ್ದು ‘ಡ್ರೈವಿಂಗ್ ಮಿಸ್ ಡೈಸಿ’ ಚಿತ್ರಕ್ಕಾಗಿ, 1990ರಲ್ಲಿ. ಮುದುಕಿಯೊಬ್ಬಳ, ಅವಳ ಕಪ್ಪು ಡ್ರೈವರನ ಕಥೆ. ಯಾರೂ ದುಡ್ಡು ಹಾಕಲು ಮುಂದೆ ಬಾರದ ಕಥೆ. ಹೆಂಡತಿ ಲಿಲಿ ಫಿನಿ ಝಾನಕ್ ಜೊತೆ ಸೇರಿ ಅದನ್ನು ದಡ ಮುಟ್ಟಿಸಿದ್ದ. ಡ್ಯಾರಿಲ್ ಅದೇ ಪ್ರಶಸ್ತಿಯನ್ನು ಕೊನೆಯದಾಗಿ ಪಡೆದದ್ದು 1950ರ ‘ಆಲ್ ಅಬೌಟ್ ಈವ್’ಗೆ. ಮಗ ವೇದಿಕೆ ಹತ್ತುವ ಹೊತ್ತಿಗೆ ಅಪ್ಪ ತೀರಿಕೊಂಡು ಹತ್ತು ವರ್ಷ ದಾಟಿತ್ತು.

ರಿಚರ್ಡ್ ತೀರಿಕೊಂಡದ್ದು 2012ರ ಜುಲೈನಲ್ಲಿ. ಅದಕ್ಕೆ ಒಂಬತ್ತು ವರ್ಷ ಮುಂಚೆ, ಟಿಮ್ ಬರ್ಟನ್ ನಿರ್ದೇಶಿಸಿದ ‘ಬಿಗ್ ಫಿಶ್’ನ ನಿರ್ಮಾಪಕರಲ್ಲಿ ಅವನೂ ಒಬ್ಬನಾಗಿದ್ದ. ಅದರಲ್ಲಿ ಒಬ್ಬ ಅಪ್ಪ ಇದ್ದಾನೆ. ತನ್ನ ಬದುಕನ್ನೆಲ್ಲ ರಂಗುರಂಗಿನ ಕಥೆಯಾಗಿಯೇ ಹೇಳಿ, ಮಗನ ಮದುವೆಯ ದಿನವೂ ತನ್ನ ಕಥೆಯನ್ನೇ ಮುಂದೆ ಮಾಡಿದವನು. ಮಗನಿಗೆ ಸಿಟ್ಟು, ಮಾತು ಬಿಟ್ಟಿರುತ್ತಾನೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪನಿಗೆ ಮಾತು ನಿಂತುಹೋಗುತ್ತಾ ಬರುತ್ತದೆ. ನಾನು ಹೇಗೆ ಹೋಗುತ್ತೇನೆ, ನೀನು ಹೇಳು ಎನ್ನುತ್ತಾನೆ. ಕಥೆಯ ಗಂಧವೇ ಇಲ್ಲದ ಮಗ ತಡವರಿಸುತ್ತ ಶುರು ಮಾಡುತ್ತಾನೆ. ಅವನ ಕಥೆಯಲ್ಲಿ ಅಪ್ಪನನ್ನು ಆಸ್ಪತ್ರೆಯಿಂದ ಕದ್ದು ಕಾರಿಗೆ ಹಾಕಿಕೊಂಡು ಹೊಳೆಗೆ ಬರುತ್ತಾನೆ, ದಂಡೆಯ ತುಂಬ ಅಪ್ಪನ ಕಥೆಗಳ ಜನ ಕಾದು ನಿಂತಿರುತ್ತಾರೆ. ಮಗುವನ್ನು ಎತ್ತಿಕೊಂಡ ಹಾಗೆ ಅಪ್ಪನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೀರಿಗಿಳಿಯುತ್ತಾನೆ. ಬಿಡುತ್ತಾನೆ. ದೊಡ್ಡದೊಂದು ಮೀನು ಮೈ ಹೊರಳಿಸಿ ಹೋಗುತ್ತದೆ.